ಹೆಸರು ಕಣ್ಣೆದುರೇ ಉಂಟು, ಹುಡುಕಿದರೆ ಇಲ್ಲ: ಗಡಿನಾಡಿನ ಒಂದು ಗ್ರಂಥಾಲಯದ ಲಿನಕ್ಸ್ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿ ಗ್ರಂಥಾಲಯದಲ್ಲಿ ನಡೆದದ್ದು. ಊರಿನ ಹೆಸರು, ಜನರ ಹೆಸರು, ಸದಸ್ಯರ ಲೆಕ್ಕ ಇಡುವ ಪ್ರೋಗ್ರಾಮಿನ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಉದಾಹರಣೆಗೆ ಬರುವ ಅಹ್ಮದ್, ಜೋಸೆಫ್, ರಮೇಶ್ ಎಲ್ಲ ನಮ್ಮ ಕಡೆ ಎಲ್ಲೆಲ್ಲೂ ಸಿಗುವ ಹೆಸರುಗಳು, ಯಾರೊಬ್ಬರನ್ನೂ ಕುರಿತದ್ದಲ್ಲ. ಕನ್ನಡದಲ್ಲಿ ಲಿನಕ್ಸ್ (ವಿಂಡೋಸ್ ಥರದ, ಆದರೆ ಮುಕ್ತವಾದ ಕಾರ್ಯಾಚರಣೆ ವ್ಯವಸ್ಥೆ) ಬಳಸುವವರಿಗೆ, ಪಟ್ಟಿಯಲ್ಲಿ ಇರುವ ಹೆಸರೇ ಹುಡುಕಿದಾಗ ಸಿಗದ ಇಂಥ ತೊಂದರೆ ಇವತ್ತಲ್ಲ ನಾಳೆ ಎದುರಾಗುತ್ತದೆ. ಆಗ ಯಾರಿಗೆ ಬಗ್ ರಿಪೋರ್ಟ್, ಅಂದರೆ ತಂತ್ರಾಂಶದ ದೋಷದ ದೂರು, ಕೊಡಬೇಕು, ಏನೆಂದು ಬರೆಯಬೇಕು ಎಂಬಲ್ಲೇ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕಾಗಿ ಈ ಒಂದು ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳೇ ಜಾಸ್ತಿ. ಮಲಯಾಳಕ್ಕೆ ಬೇರೆ ಕಪಾಟು ಇದೆ, ಇಂಗ್ಲಿಷ್ ಸ್ವಲ್ಪ. ನಡೆಸುವವರು ನಿವೃತ್ತ ಶಿಕ್ಷಕಿ. ಇಡೀ ಊರು ಅವರನ್ನು ಟೀಚರ್ ಎಂದೇ ಕರೆಯುತ್ತದೆ, ನಾನೂ ಹಾಗೇ ಬರೆಯುತ್ತೇನೆ. ಮೊದಲು ಸದಸ್ಯರ ಲೆಕ್ಕವೆಲ್ಲ ಉದ್ದದ ರಿಜಿಸ್ಟರಿನಲ್ಲಿತ್ತು. ಕೆಲವು ವರ್ಷ ಹಿಂದೆ ಊರಿನ ಯುವಕನೊಬ್ಬ ಒಂದು ಹಳೆ ಕಂಪ್ಯೂಟರಿಗೆ ಡೆಬಿಯನ್ ಎಂಬ ಡಿಸ್ಟ್ರೋ (ಲಿನಕ್ಸಿನ ಒಂದು ಸಿದ್ಧ ರೂಪ) ಹಾಕಿ, ಗ್ರಂಥಾಲಯಗಳಿಗೆಂದೇ ಇರುವ ಒಂದು ಸಣ್ಣ ಮುಕ್ತ ತಂತ್ರಾಂಶವನ್ನು ಕೂರಿಸಿಕೊಟ್ಟ. ಅದು ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ಹಿಂದೆ ಮಾಹಿತಿ ಇಡಲು ಎಸ್‌ಕ್ಯೂಲೈಟ್ ಡೇಟಾಬೇಸ್ ಇದೆ. ಟೀಚರಿಗೆ ಅನುಕೂಲವಾಗುವಂತೆ ಎಲ್ಲ ಹೊಂದಿಸಿಕೊಟ್ಟು ಅವನು ಗಲ್ಫಿಗೆ ಹೋದ.

ಈಗ ಕಂಪ್ಯೂಟರ್ ನೋಡಿಕೊಳ್ಳುವವನು ಡಿಗ್ರಿ ಓದುತ್ತಿರುವ ಹುಡುಗ. ಲಿನಕ್ಸ್ ಅವನಿಗೆ ಹೊಸದಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಯುವುದೆಂದರೆ ಲಿನಕ್ಸಿನಲ್ಲೇ ಕಲಿಯುವುದು. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಆದ ಯೋಜನೆ ಉಬುಂಟುವನ್ನು ಆಧರಿಸಿದ ತನ್ನದೇ ವ್ಯವಸ್ಥೆಯನ್ನು ಶಾಲೆಗಳಿಗೆ ಕೊಡುತ್ತದೆ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಹಾಗಾಗಿ ಆದೇಶಗಳನ್ನು ಬರೆದು ಕೊಡುವ ಟರ್ಮಿನಲ್ ಕಂಡರೆ ಹೆದರದ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಇದು ಗಡಿನಾಡಿನ ಒಂದು ದೊಡ್ಡ ಬಲ ಎಂದು ನಾನು ನಂಬುತ್ತೇನೆ.

ಹಳೆ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ಹುಡುಗ ಹೊಸ ಎಸ್‌ಎಸ್‌ಡಿ ತಂದು ಡೆಬಿಯನ್ನಿನ ಹೊಸ ಆವೃತ್ತಿಯನ್ನು ಮೊದಲಿನಿಂದ ಹಾಕಿದ. ಡಾಕ್ಯುಮೆಂಟ್ಸ್ ಫೋಲ್ಡರನ್ನೂ ಡೇಟಾಬೇಸನ್ನೂ ಜಾಗ್ರತೆಯಿಂದ ನಕಲು ಮಾಡಿದ. ಹಳೆ ಡಿಸ್ಕನ್ನು ಎಸೆಯದೆ ಕಪಾಟಿನಲ್ಲಿ ಇಟ್ಟ. ಈ ಕೊನೆಯ ಕೆಲಸ ಮುಂದೆ ತುಂಬ ಉಪಕಾರಕ್ಕೆ ಬಂತು.

ತೊಂದರೆ

ಮರುದಿನದಿಂದಲೇ ಎರಡು ದೂರುಗಳು ಬಂದವು. ಒಂದು, ಪುಸ್ತಕ ಕೊಡುವಾಗ ಮುದ್ರಿಸುವ ಚೀಟಿಯಲ್ಲಿ ಅಕ್ಷರ ಬೇರೆ ಥರ ಕಾಣುತ್ತಿದೆ, ಉದ್ದ ಹೆಸರು ಎರಡನೇ ಸಾಲಿಗೆ ಜಾರುತ್ತಿದೆ. ಇನ್ನೊಂದು ಗಂಭೀರವಾದದ್ದು. ಕೆಲವು ಹಳೆ ಸದಸ್ಯರ ಹೆಸರು ಹುಡುಕಿದರೆ ಸಿಗುತ್ತಿಲ್ಲ.

ಟೀಚರ್ ಹೇಳಿದ್ದು ಹೀಗೆ: "ಇದು ಎಂಥದು ಮಾರಾಯ, ಹೆಸರು ಕಣ್ಣೆದುರೇ ಉಂಟು. ಹೊಡೀತಾ ಹೋಗುವಾಗ ಕೆಳಗೆ ಬರ್ತದೆ. ಪೂರ್ತಿ ಮಾಡುವ ಹೊತ್ತಿಗೆ ಇಲ್ಲ."

ಹುಡುಗ ಎಲ್ಲಿ ಹೋಯಿತೆಂದು ನೋಡಿದ, ಸಿಗಲಿಲ್ಲ. ಎದುರಿಗೆ ಸದಸ್ಯರು ಕಾಯುತ್ತಾ ನಿಂತಿದ್ದರು. ಸಿಗದವರನ್ನು ಹೊಸ ಸದಸ್ಯರೆಂದು ಸೇರಿಸಿ ಪುಸ್ತಕ ಕೊಟ್ಟು ಕಳಿಸಿದ. ಆ ಹೊತ್ತಿಗೆ ಅದು ಸರಿಯಾಗಿಯೇ ಕಂಡಿತು. ಆದರೆ ಒಬ್ಬರಿಗೇ ಎರಡು ದಾಖಲೆ ಆದವು. ಹಳೆ ದಾಖಲೆಯಲ್ಲಿ ಬಾಕಿ ಪುಸ್ತಕ ಇದ್ದರೂ ಹೊಸದರಲ್ಲಿ ಬಾಕಿ ಇಲ್ಲ ಎಂದು ಬರತೊಡಗಿತು.

ಇನ್ನೂ ಒಂದು ಸಂಗತಿ ಇದೆ. ಅದನ್ನು ಬಿಟ್ಟರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಐತಪ್ಪ, ಸರೋಜಿನಿ, ಕುಂಞಂಬು ಇಂಥ ಹೆಸರುಗಳು ಸಲೀಸಾಗಿ ಸಿಗುತ್ತಿದ್ದವು. ಸಿಗದಿದ್ದವು ಅಹ್ಮದ್, ಅಶ್ರಫ್, ಜೋಸೆಫ್. ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು, "ನಮ್ಮ ಮನೆಯವರ ಹೆಸರು ಮಾತ್ರ ಯಾಕೆ ಸಿಗುವುದಿಲ್ಲ ಟೀಚರೇ?" ಅವರು ಸಿಟ್ಟಿನಿಂದ ಕೇಳಲಿಲ್ಲ. ಆದರೂ ಟೀಚರಿಗೆ ಅದು ಮನಸ್ಸಿಗೆ ನಾಟಿತು. ಯಂತ್ರದ ಸಣ್ಣ ದೋಷ ಜನರಿಗೆ ಬೇರೆಯೇ ಅರ್ಥದಲ್ಲಿ ತಲುಪಬಹುದು. ಬೇಗ ಸರಿಮಾಡಬೇಕೆಂಬ ಒತ್ತಡ ಬಂದದ್ದು ಅಲ್ಲಿಂದ.

ಮೊದಲ ರಿಪೋರ್ಟ್

ಹುಡುಗನ ಲೆಕ್ಕಾಚಾರ ಸರಳವಾಗಿತ್ತು. ಡಿಸ್ಟ್ರೋ ಬದಲಾಯಿತು, ಕನ್ನಡ ಕೆಟ್ಟಿತು. ಅಕ್ಷರವೂ ಬೇರೆ ಥರ ಕಾಣುತ್ತಿದೆ, ಅಂದರೆ ಫಾಂಟಿನಲ್ಲಿ ಬಗ್. ಡೆಬಿಯನ್ನಿನಲ್ಲಿ ರಿಪೋರ್ಟ್‌ಬಗ್ ಎಂಬ ಸಾಧನ ಇದೆ. ಪ್ಯಾಕೇಜಿನ (ಡಿಸ್ಟ್ರೋ ಕೊಡುವ ತಂತ್ರಾಂಶದ ಕಟ್ಟಿನ) ಹೆಸರು ಕೊಟ್ಟರೆ ಅದರ ಆವೃತ್ತಿ, ಅದು ಅವಲಂಬಿಸಿದ ಬೇರೆ ಪ್ಯಾಕೇಜುಗಳು, ಕರ್ನಲ್ ವಿವರ ಎಲ್ಲ ತಾನೇ ತುಂಬಿ, ಈಗಾಗಲೇ ಯಾರಾದರೂ ಇದೇ ದೂರು ಕೊಟ್ಟಿದ್ದಾರಾ ಎಂದು ತೋರಿಸಿ, ಕೊನೆಗೆ ಇಮೇಲ್ ಮೂಲಕ ಕಳಿಸುತ್ತದೆ. ಅವನು ಒಂದು ಕನ್ನಡ ಫಾಂಟ್ ಪ್ಯಾಕೇಜಿನ ಮೇಲೆ ರಿಪೋರ್ಟ್ ಬರೆದ. ಶೀರ್ಷಿಕೆ: ಅಪ್‌ಗ್ರೇಡ್ ನಂತರ ಕನ್ನಡ ಕೆಲಸ ಮಾಡುತ್ತಿಲ್ಲ. ಗಂಭೀರತೆಯ ಜಾಗದಲ್ಲಿ ಗ್ರೇವ್ ಎಂದು ಆರಿಸಿದ. ಸದಸ್ಯರ ಪಟ್ಟಿಯ ಸ್ಕ್ರೀನ್‌ಶಾಟ್ ಸೇರಿಸಲು ಹೊರಟ.

ಪಕ್ಕದಲ್ಲಿದ್ದ ಟೀಚರ್ ಕೇಳಿದರು, "ಈ ಚಿತ್ರ ಯಾರೆಲ್ಲ ನೋಡ್ತಾರೆ?" ಎಲ್ಲರೂ ಎಂದ ಹುಡುಗ. ಚಿತ್ರದಲ್ಲಿ ಸದಸ್ಯರ ಮನೆ ಹೆಸರು, ಫೋನ್ ನಂಬರ್ ಇತ್ತು. ಡೆಬಿಯನ್ನಿನ ಬಗ್ ಪಟ್ಟಿ ಪೂರ್ತಿ ಸಾರ್ವಜನಿಕ, ಕಳಿಸಿದವರ ಇಮೇಲ್ ವಿಳಾಸವೂ ಅಲ್ಲಿ ಕಾಣುತ್ತದೆ, ಒಮ್ಮೆ ಹೋದದ್ದು ಅಲ್ಲೇ ಉಳಿಯುತ್ತದೆ. ಟೀಚರ್ ಬೇಡವೆಂದರು. ಹೆಸರಿನ ಒಂದು ತುಂಡನ್ನು ಮಾತ್ರ ಕತ್ತರಿಸಿ ಹಾಕಿದರು. ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಇದು.

ಉತ್ತರ ಬೇಗ ಬಂತು, ಮರ್ಯಾದೆಯಿಂದಲೇ ಬಂತು. ಆ ಪ್ಯಾಕೇಜನ್ನು ನೋಡಿಕೊಳ್ಳುವ ಮೇಂಟೇನರ್ ಗಂಭೀರತೆಯನ್ನು ನಾರ್ಮಲ್‌ಗೆ ಇಳಿಸಿದ್ದರು. ಗ್ರೇವ್ ಅಂದರೆ ಪ್ಯಾಕೇಜ್ ಬಹುತೇಕ ಯಾರಿಗೂ ಬಳಸಲಾಗದಷ್ಟು ಕೆಟ್ಟಿದೆ, ಇಲ್ಲವೇ ಡೇಟಾ ನಾಶವಾಗುತ್ತಿದೆ ಎಂದರ್ಥ. ಅಂಥದ್ದು ಹೊಸ ಆವೃತ್ತಿಯ ಬಿಡುಗಡೆಯನ್ನೇ ತಡೆಯಬಲ್ಲದು. ಹಾಗಾಗಿ ಸುಮ್ನೆ ಹಾಕುವ ಪದವಲ್ಲ ಅದು. ಜೊತೆಗೆ ಮೋರ್‌ಇನ್ಫೋ (ಹೆಚ್ಚಿನ ಮಾಹಿತಿ ಬೇಕು) ಎಂಬ ಟ್ಯಾಗ್ ಅಂಟಿಸಿ ಕೆಲವು ಪ್ರಶ್ನೆ ಕೇಳಿದ್ದರು. ಅಕ್ಷರ ಕಾಣುವ ರೀತಿ, ಹುಡುಕಾಟ ಇವೆರಡೂ ಒಂದೇ ತೊಂದರೆ ಎಂದು ಹೇಗೆ ಗೊತ್ತಾಯಿತು? ಹೊಸ ಬಳಕೆದಾರ ಖಾತೆಯಲ್ಲೂ ಹೀಗೇ ಆಗುತ್ತದಾ? ಮತ್ತು ಚಿತ್ರದ ಬದಲು ಪಠ್ಯವನ್ನೇ ಒಂದು ಫೈಲಿನಲ್ಲಿ ಕಳಿಸಬಹುದಾ?

ಹುಡುಗನಿಗೆ ಬೇಜಾರಾಯಿತು. "ನಮ್ಮ ಭಾಷೆ ಗೊತ್ತಿಲ್ಲದವರು, ತಳ್ಳಿಹಾಕ್ತಿದ್ದಾರೆ" ಎಂದುಕೊಂಡ. ಆಗ ನನಗೆ ಫೋನ್ ಬಂತು. ನನ್ನ ಅಭಿಪ್ರಾಯ ಬೇರೆಯಿತ್ತು. ಆ ಪ್ರಶ್ನೆಗಳು ತಳ್ಳಿಹಾಕುವವರ ಪ್ರಶ್ನೆಗಳಲ್ಲ. ದೂರದಲ್ಲಿ ಕೂತು, ಅಕ್ಷರ ಓದಲೂ ಬಾರದೆ, ನಮ್ಮ ಕಂಪ್ಯೂಟರಿನ ಒಳಗೆ ಇಣುಕಲು ನೋಡುವವರು ಕೇಳುವ ಪ್ರಶ್ನೆಗಳು. ಮೂರನ್ನೂ ಒಂದೊಂದಾಗಿ ಹಿಡಿದುಕೊಂಡು ಹೋದರೆ ಸಾಕಿತ್ತು. ಹಾಗೇ ಮಾಡಿದೆವು.

ಎರಡನ್ನು ಬೇರೆ ಮಾಡಿದ್ದು

ಅಕ್ಷರದ ಕಥೆ ಬೇಗ ಮುಗಿಯಿತು. ಎಫ್‌ಸಿ-ಮ್ಯಾಚ್ ಎಂಬ ಆದೇಶಕ್ಕೆ ಕನ್ನಡ ಎಂದು ಹೇಳಿದರೆ, ವ್ಯವಸ್ಥೆ ಕನ್ನಡಕ್ಕೆ ಯಾವ ಫಾಂಟನ್ನು ಆರಿಸುತ್ತದೆ ಎಂದು ತೋರಿಸುತ್ತದೆ. ಹೊಸ ಕಂಪ್ಯೂಟರಿನಲ್ಲಿ ನೋಟೊ ಬಂತು. ಹಳೆಯದರಲ್ಲಿ ಗುಬ್ಬಿ ಇತ್ತು. ಗುಬ್ಬಿ ಫಾಂಟಿನ ಪ್ಯಾಕೇಜ್ ಡೆಬಿಯನ್ನಿನಲ್ಲೇ ಇದೆ, ಹಾಕಿಕೊಂಡು ಚೀಟಿಗೆ ಅದನ್ನೇ ಆರಿಸಿದೆವು. ಹೆಸರುಗಳು ಮತ್ತೆ ಒಂದೇ ಸಾಲಿಗೆ ಬಂದವು. ಇದು ಬಗ್ ಅಲ್ಲ, ಆಯ್ಕೆ ಬದಲಾದದ್ದು ಅಷ್ಟೇ.

ಹುಡುಕಾಟ ಮಾತ್ರ ಹಾಗೇ ಉಳಿಯಿತು. ಅಂದರೆ ಫಾಂಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೊದಲ ರಿಪೋರ್ಟಿನಲ್ಲಿ ಎರಡೂ ಒಟ್ಟಿಗೆ ಸೇರಿಹೋಗಿದ್ದರಿಂದ ಯಾರಿಗೂ ಯಾವುದನ್ನೂ ಹಿಡಿಯಲಾಗಿರಲಿಲ್ಲ.

ಟೀಚರ ನೋಟ್ ಪುಸ್ತಕ

ಇಲ್ಲಿಂದ ಮುಂದಿನ ದಾರಿ ತೋರಿಸಿದವರು ಕಂಪ್ಯೂಟರ್ ಬಲ್ಲವರಲ್ಲ. ಟೀಚರ್ ಸಿಗದ ಹೆಸರುಗಳನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಎಡಕ್ಕೆ ಸಿಕ್ಕಿದವು, ಬಲಕ್ಕೆ ಸಿಗದವು. ಹಳೆ ಶಾಲೆ ರಿಜಿಸ್ಟರಿನಂತೆ ಗೆರೆ ಎಳೆದು, ಪ್ರತಿ ಹೆಸರಿನ ಎದುರು ಏನು ಹೊಡೆದಾಗ ಮಾಯವಾಯಿತು ಎಂದೂ ಗುರುತು ಹಾಕಿದ್ದರು. ಬಲಗಡೆ ಅಹ್ಮದ್ ಕೆ, ಜೋಸೆಫ್ ಡಿ, ಅಶ್ರಫ್ ಎಂ. ಅವುಗಳ ನಡುವೆ ರಮೇಶ್ ಬಿ, ಗಣೇಶ್ ಭಟ್ ಕೂಡ ಇದ್ದವು.

"ಇದು ಜಾತಿ ಮತದ್ದಲ್ಲ," ಎಂದರು ಟೀಚರ್. "ಎಲ್ಲ ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರುಗಳು. ಅರ್ಧಾಕ್ಷರ ಆದ ಮೇಲೆ ಜಾಗ ಬಿಟ್ಟಿದ್ದರೆ ಮಾತ್ರ ಹೋಗ್ತದೆ. ದ್ ವರೆಗೆ ಹೆಸರು ಬರ್ತದೆ. ಸ್ಪೇಸ್ ಒತ್ತಿದ ಕೂಡಲೇ ಇಲ್ಲ."

ಮತ್ತೊಂದನ್ನೂ ಅವರು ಗಮನಿಸಿದ್ದರು. ಹೊಸ ಡಿಸ್ಕ್ ಬಂದ ಮೇಲೆ ಸೇರಿದ ಅರ್ಧಾಕ್ಷರದ ಹೆಸರುಗಳು ಚೆನ್ನಾಗಿಯೇ ಸಿಗುತ್ತಿದ್ದವು. ಹಳೆಯವು ಮಾತ್ರ ಸಿಗುತ್ತಿರಲಿಲ್ಲ.

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಈ ಪುಟದಲ್ಲಿ. ಯಾವುದು ಕೆಡುತ್ತದೆ ಎಂಬುದರಷ್ಟೇ ಮುಖ್ಯ ಯಾವುದು ಕೆಡುವುದಿಲ್ಲ ಎಂಬುದು. ಎಡಗಡೆಯ ಪಟ್ಟಿ ಇಲ್ಲದಿದ್ದರೆ ಬಲಗಡೆಯದರ ಗುಣ ತಿಳಿಯುತ್ತಲೇ ಇರಲಿಲ್ಲ. ಆ ಹಿರಿಯರಿಗೂ ಟೀಚರ್ ಅದೇ ಪುಟ ತೋರಿಸಿ ವಿವರಿಸಿದರು. ರಮೇಶ್ ಬಿ ಕೂಡ ಅಲ್ಲಿದ್ದದ್ದು ಕಂಡು ಅವರಿಗೆ ಸಮಾಧಾನವಾಯಿತು.

ಕಾಣದ ಅಕ್ಷರ

ಹಳೆ ದಾಖಲೆಯ "ಅಹ್ಮದ್ ಕೆ" ಮತ್ತು ಈಗ ಹೊಡೆದ "ಅಹ್ಮದ್ ಕೆ" ಎರಡನ್ನೂ ಬೇರೆಬೇರೆ ಫೈಲಿಗೆ ಹಾಕಿ ಎಕ್ಸ್‌ಎಕ್ಸ್‌ಡಿ ಆದೇಶದಿಂದ ಬೈಟುಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಅಂಕೆಗಳನ್ನು, ನೋಡಿದೆವು. ಮೊದಲಿನ ಭಾಗ ಎಲ್ಲ ಒಂದೇ. ದ ಅಕ್ಷರ, ಅದರ ಮೇಲಿನ ಹಲಂತ (ಅರ್ಧಾಕ್ಷರ ಮಾಡುವ ಗುರುತು). ಹಲಂತದ ಬೈಟುಗಳು ಇ0 ಬಿ3 8ಡಿ. ಹೊಸದರಲ್ಲಿ ಅದಾದ ಮೇಲೆ ನೇರ 20, ಅದು ಸ್ಪೇಸ್. ಹಳೆಯದರಲ್ಲಿ ನಡುವೆ ಇನ್ನೂ ಮೂರು ಬೈಟು ಇದ್ದವು: ಇ2 80 8ಸಿ.

ಅದು ಯೂನಿಕೋಡಿನ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) 200ಸಿ, ಜೀರೋ ವಿಡ್ತ್ ನಾನ್ ಜಾಯಿನರ್. ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಗುರುತು. ಹಲಂತದ ನಂತರ ಇದು ಬಂದರೆ ಮುಂದಿನ ವ್ಯಂಜನ ಒತ್ತಾಗಿ ಕೆಳಗೆ ಇಳಿಯುವುದಿಲ್ಲ. ಅಹ್ಮದ್‌ಕುಂಞಿ ಎಂದು ಒಂದೇ ಪದವಾಗಿ ಬರೆಯುವಾಗ ಇದು ಬೇಕೇ ಬೇಕು. ಇಲ್ಲದಿದ್ದರೆ ಅದು ಅಹ್ಮದ್ಕುಂಞಿ ಆಗುತ್ತದೆ. ಆದರೆ ಸ್ಪೇಸಿನ ಹಿಂದೆ ಇದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪರದೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೇಂಟೇನರ್ ಚಿತ್ರ ಬೇಡ, ಪಠ್ಯ ಕಳಿಸಿ ಎಂದಿದ್ದು ಇದಕ್ಕೇ. ಎಂಥಾ ಒಳ್ಳೆ ಸ್ಕ್ರೀನ್‌ಶಾಟಿನಲ್ಲೂ ಈ ಗುರುತು ಸಿಗುವುದಿಲ್ಲ.

ಎಸ್‌ಕ್ಯೂಲೈಟ್ ಬೇರೇನೂ ಹೇಳದಿದ್ದರೆ ಪಠ್ಯವನ್ನು ಬೈಟಿಗೆ ಬೈಟು ಹೋಲಿಸುತ್ತದೆ. ಅದಕ್ಕೆ ಅಗಲ ಇಲ್ಲದ ಅಕ್ಷರವೂ ಅಕ್ಷರವೇ. "ಅಹ್ಮದ್" ಎಂಬಲ್ಲಿವರೆಗೆ ಎರಡೂ ಒಂದೇ, ಹಾಗಾಗಿ ಹೆಸರು ಪಟ್ಟಿಯಲ್ಲಿ ಬರುತ್ತಿತ್ತು. ಸ್ಪೇಸ್ ಒತ್ತಿದಾಗ ಅಲ್ಲಿ ಇರಬೇಕಾದ್ದು ಸ್ಪೇಸ್ ಅಲ್ಲ, ಕಾಣದ ಗುರುತು. ಹೆಸರು ಹೋಯಿತು. ಟೀಚರ್ ಬರೆದಿಟ್ಟದ್ದಕ್ಕೆ ಪೂರ್ತಿ ತಾಳೆಯಾಯಿತು.

ಈ ವಿಷಯವನ್ನು ಪಯ್ಯನ್ನೂರು ಕಡೆಯ ಮಲಯಾಳಿ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ಕೂಡಲೇ, "ನಮ್ಮ ಚಿಲ್ಲಿನ ಕಥೆ ಇದು" ಎಂದರು. ಮಲಯಾಳದ ಚಿಲ್ಲಕ್ಷರಗಳನ್ನು (ಸ್ವರವಿಲ್ಲದ ವ್ಯಂಜನಕ್ಕೆ ಇರುವ ಬೇರೆ ರೂಪದ ಅಕ್ಷರಗಳು) ಮೊದಲು ವ್ಯಂಜನ, ಚಂದ್ರಕಲೆ (ಮಲಯಾಳದ ಹಲಂತ), ಜಾಯಿನರ್ (ಜೋಡಿಸುವ, ಕಾಣದ ಇನ್ನೊಂದು ಗುರುತು) ಹೀಗೆ ಮೂರು ಸೇರಿಸಿ ಬರೆಯುತ್ತಿದ್ದರು. 2008ರಲ್ಲಿ ಬಂದ ಯೂನಿಕೋಡ್ 5.1 ಅವಕ್ಕೆ ಸ್ವತಂತ್ರ ಸ್ಥಾನ ಕೊಟ್ಟಿತು. ಅಂದಿನಿಂದ ಒಂದೇ ಪದ ಎರಡು ರೀತಿಯಲ್ಲಿ ಸಿಗುತ್ತದೆ, ಒಂದನ್ನು ಹುಡುಕಿದರೆ ಇನ್ನೊಂದು ತಪ್ಪಿಹೋಗಬಹುದು. ಗ್ರಂಥಾಲಯದ ಮಲಯಾಳ ಕಪಾಟಿನ ಪಟ್ಟಿಯಲ್ಲೂ ಅದು ಇತ್ತು. ಯಾರೂ ಅಷ್ಟಾಗಿ ಹುಡುಕದ್ದರಿಂದ ಗೊತ್ತಾಗಿರಲಿಲ್ಲ.

ಹಳೆ ಡಿಸ್ಕಿನಲ್ಲಿ ಇದ್ದದ್ದು

ಹಾಗಾದರೆ ಹಿಂದೆ ಈ ಗುರುತು ಎಲ್ಲಿಂದ ಬರುತ್ತಿತ್ತು? ಹೊಸ ಬಳಕೆದಾರ ಖಾತೆ ತೆರೆದು ಹೊಡೆದು ನೋಡಿದೆವು. ಅಲ್ಲೂ ಗುರುತು ಬರಲಿಲ್ಲ. ಅಂದರೆ ಡಿಸ್ಟ್ರೋ ಕೊಡುವ ಕೀಬೋರ್ಡ್ ವಿನ್ಯಾಸದ ಸಹಜ ನಡೆ ಇದೇ. ಹೊಸದು ಕೆಟ್ಟದ್ದಲ್ಲ, ಹಳೆಯದರಲ್ಲಿ ಏನೋ ವಿಶೇಷ ಇತ್ತು. ಇಲ್ಲಿಯವರೆಗೆ ಎಲ್ಲರೂ ಉಲ್ಟಾ ದಿಕ್ಕಿನಲ್ಲಿ ಹುಡುಕುತ್ತಿದ್ದೆವು.

ಹಳೆ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿನಿಂದ ಸೇರಿಸಿ, ಅಡಗಿಸಿದ ಫೈಲುಗಳೂ ಕಾಣುವಂತೆ ಮಾಡಿದೆವು. ಚುಕ್ಕೆಯಿಂದ ಶುರುವಾಗುವ ಫೋಲ್ಡರುಗಳು ಫೈಲ್ ಮ್ಯಾನೇಜರಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಹಾಗಾಗಿ ನಕಲು ಮಾಡುವಾಗ ಬಿಟ್ಟುಹೋಗಿದ್ದವು. ಅದರಲ್ಲಿ ಎಂ17ಎನ್‌ ಫೋಲ್ಡರ್ ಸಿಕ್ಕಿತು. ಐಬಸ್ ಎಂಬ ಬರವಣಿಗೆ ಸಾಧನದ ಮೂಲಕ ಕನ್ನಡ ಬರೆಯಲು ಬಳಸುವ ಎಂ17ಎನ್‌ ವ್ಯವಸ್ಥೆ, ಬಳಕೆದಾರ ತನ್ನ ಮನೆ ಫೋಲ್ಡರಿನಲ್ಲಿ ಇಟ್ಟ ವಿನ್ಯಾಸದ ಫೈಲುಗಳನ್ನೂ ಓದಿಕೊಳ್ಳುತ್ತದೆ. ಒಳಗೆ ಇದ್ದದ್ದು ಕಗಪ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸದ ತಿದ್ದಿದ ಪ್ರತಿ. ಕಗಪದಲ್ಲಿ ಅರ್ಧಾಕ್ಷರಕ್ಕೆ ಎಫ್ ಒತ್ತುತ್ತೇವೆ ಅಲ್ವಾ, ಆ ಎಫ್ ಆದ ಮೇಲೆ ಸ್ಪೇಸ್ ಒತ್ತಿದರೆ ಹಲಂತ, ಕಾಣದ ಗುರುತು, ಸ್ಪೇಸ್ ಮೂರೂ ಬರುವಂತೆ ಒಂದು ಸಾಲು ಸೇರಿಸಿದ್ದರು.

ಗಲ್ಫಿನಲ್ಲಿರುವ ಯುವಕನಿಗೆ ವಾಟ್ಸಾಪ್ ಮಾಡಿ ಕೇಳಿದೆವು. ಅವನಿಗೆ ನೆನಪಿತ್ತು. ಅಹ್ಮದ್‌ಕುಂಞಿ, ಅಬ್ದುಲ್‌ಖಾದರ್ ಇಂಥ ಹೆಸರುಗಳನ್ನು ಒತ್ತು ಬಾರದಂತೆ ಬರೆಯಲು ಟೀಚರಿಗೆ ಕಷ್ಟವಾಗುತ್ತಿತ್ತಂತೆ. ಎಫ್, ಸ್ಪೇಸ್ ಒತ್ತಿ, ಸ್ಪೇಸನ್ನು ಅಳಿಸಿ, ಮುಂದುವರಿದರೆ ಆಯಿತು ಎಂದು ಒಂದು ಉಪಾಯ ಮಾಡಿಕೊಟ್ಟಿದ್ದ. ತುಂಬ ಪ್ರೀತಿಯಿಂದ ಮಾಡಿದ ಕೆಲಸ. ಅದರ ಜೊತೆಗೇ, ಅರ್ಧಾಕ್ಷರದ ನಂತರ ಸುಮ್ಮನೆ ಜಾಗ ಬಿಟ್ಟಲ್ಲೆಲ್ಲ ಗುರುತು ಸೇರುತ್ತಾ ಹೋಗಿತ್ತು. ಆಗ ಬರೆಯುವವರೂ ಹುಡುಕುವವರೂ ಅದೇ ಕೀಬೋರ್ಡಿನಲ್ಲಿ ಇದ್ದದ್ದರಿಂದ ಎಲ್ಲ ಹೊಂದುತ್ತಿತ್ತು.

ಅಳಿಸಬೇಕಾ, ಬೇಡವಾ

ಕಾರಣ ಸಿಕ್ಕಿದ ಕೂಡಲೇ ಸುಲಭದ ದಾರಿಗಳು ಕಣ್ಣಿಗೆ ಬಿದ್ದವು. ಹಳೆ ಫೈಲನ್ನು ಹೊಸ ಡಿಸ್ಕಿಗೆ ಹಾಕಿದರೆ ಆ ಸಂಜೆಯೇ ಎಲ್ಲ ಸರಿ. ಹುಡುಗನಿಗೆ ಅದು ಇಷ್ಟವಾಗಿತ್ತು. ನಾನು ಒಪ್ಪಲಿಲ್ಲ. ಸದಸ್ಯರು ಫೋನಿನಿಂದ ಹುಡುಕುವ ವ್ಯವಸ್ಥೆ ಮಾಡಬೇಕೆಂದು ಟೀಚರಿಗೆ ಆಸೆ ಇತ್ತು. ಫೋನಿನ ಕೀಬೋರ್ಡುಗಳಿಗೆ ಈ ಒಂದು ಕಂಪ್ಯೂಟರಿನ ಉಪಾಯ ಗೊತ್ತಿರುವುದಿಲ್ಲ. ಈಗಾಗಲೇ ಹೊಸ ರೀತಿಯಲ್ಲಿ ಸೇರಿದ ಹೆಸರುಗಳೂ ಆಗ ತಪ್ಪಿಹೋಗುತ್ತವೆ.

ಎರಡನೆಯದು, ಡೇಟಾಬೇಸಿನಲ್ಲಿರುವ ಕಾಣದ ಗುರುತುಗಳನ್ನೆಲ್ಲ ಒಂದೇ ಆದೇಶದಲ್ಲಿ ಅಳಿಸಿಬಿಡುವುದು. ಇದಕ್ಕೆ ಹೆಚ್ಚು ಬೆಂಬಲ ಇತ್ತು. ನಕಲು ಪ್ರತಿಯ ಮೇಲೆ ಮಾಡಿ ನೋಡೋಣ ಎಂದೆ. ಮಾಡಿ, ಕೆಲವು ಸದಸ್ಯತ್ವ ಕಾರ್ಡುಗಳನ್ನು ಮುದ್ರಿಸಿದೆವು. ಟೀಚರ್ ಒಂದು ಕಾರ್ಡನ್ನು ಎತ್ತಿಕೊಂಡು ಹೆಸರಿನ ನಡುವೆ ಬೆರಳಿಟ್ಟರು. ದ್ ಕೆಳಗೆ ಕ ಒತ್ತಾಗಿ ನೇತಾಡುತ್ತಿತ್ತು. "ಇದು ಅವರ ಹೆಸರಲ್ಲ," ಎಂದರು. ಮಾತು ಅಲ್ಲಿಗೆ ಮುಗಿಯಿತು. ಪದದ ನಡುವೆ ಆ ಗುರುತಿಗೆ ಕೆಲಸ ಇದೆ, ಪದದ ಕೊನೆಯಲ್ಲಿ ಇಲ್ಲ. ಕಣ್ಣು ಮುಚ್ಚಿ ಅಳಿಸುವಂತಿಲ್ಲ.

ಕೊನೆಗೆ ಹೀಗೆ ತೀರ್ಮಾನಿಸಿದೆವು. ಹೆಸರು ಹೇಗೆ ಬರೆದಿದೆಯೋ ಹಾಗೇ ಇರಲಿ. ಹುಡುಕಾಟಕ್ಕೆಂದು ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ, ಅದರಲ್ಲಿ ಕಾಣದ ಗುರುತುಗಳನ್ನು ತೆಗೆದ ಪ್ರತಿ ಇರಲಿ. ಹುಡುಕುವವರು ಹೊಡೆದದ್ದರಿಂದಲೂ ಹಾಗೇ ತೆಗೆದು ಆ ಕಾಲಮ್ಮಿನಲ್ಲಿ ನೋಡಬೇಕು. ಇದು ನಮ್ಮ ಕಂಪ್ಯೂಟರಿನಲ್ಲಿ ಮಾಡುವಂಥದ್ದಲ್ಲ, ಪ್ರೋಗ್ರಾಮಿನಲ್ಲೇ ಆಗಬೇಕಾದದ್ದು. ಅಂದರೆ ನಿಜವಾದ ಬಗ್ ಇದ್ದದ್ದು ಅಲ್ಲಿ. ಡಿಸ್ಟ್ರೋದಲ್ಲೂ ಅಲ್ಲ, ಫಾಂಟಿನಲ್ಲೂ ಅಲ್ಲ.

ಎರಡನೇ ರಿಪೋರ್ಟ್

ಈ ಸಲ ಹುಡುಗನೇ ಬರೆದ. ಅವನು ಇಂಗ್ಲಿಷಿನಲ್ಲಿ ಬರೆದದ್ದರ ಸಾರವನ್ನು ಕನ್ನಡದಲ್ಲಿ ಕೊಡುತ್ತೇನೆ, ಬಗ್ ರಿಪೋರ್ಟ್ ಹೇಗಿರಬೇಕು ಎಂದು ಕೇಳುವವರಿಗೆ ಇದನ್ನೇ ತೋರಿಸುತ್ತೇನೆ:

"ನೋಡಲು ಒಂದೇ ಆಗಿರುವ ಎರಡು ಕನ್ನಡ ಹೆಸರುಗಳು ಹುಡುಕಾಟದಲ್ಲಿ ಬೇರೆಬೇರೆ ಆಗುತ್ತವೆ. ಜೊತೆಗಿರುವ ಎರಡು ಫೈಲುಗಳಲ್ಲೂ 'ಬಸ್ ಕ' ಎಂದಿದೆ. ಸಾಲು ಮುಗಿಸುವ ಒಂದು ಬೈಟೂ ಸೇರಿ ಒಂದು 14 ಬೈಟು, ಇನ್ನೊಂದು 17 ಬೈಟು. ಎರಡನೆಯದರಲ್ಲಿ ಸ್ಪೇಸಿಗಿಂತ ಮೊದಲು ಯೂನಿಕೋಡ್ 200ಸಿ ಇದೆ. ಖಾಲಿ ಡೇಟಾಬೇಸಿನಲ್ಲಿ ಎರಡನೇ ಫೈಲಿನ ಹೆಸರಿನಿಂದ ಸದಸ್ಯರನ್ನು ಸೇರಿಸಿ. ಮೊದಲ ಫೈಲಿನ ಹೆಸರನ್ನು ಹುಡುಕಿ. ಸಿಗಬೇಕು, ಸಿಗುವುದಿಲ್ಲ. ಸ್ಪೇಸಿಗೆ ಮೊದಲಿನ ಭಾಗ ಮಾತ್ರ ಹೊಡೆದರೆ ಸಿಗುತ್ತದೆ. ಪದದ ನಡುವೆ ಈ ಗುರುತು ಬೇಕಾಗುತ್ತದೆ, ಆದ್ದರಿಂದ ಸಂಗ್ರಹಿಸಿದ ಹೆಸರಿನಿಂದ ಅಳಿಸಬೇಡಿ."

ಸದಸ್ಯರ ಒಂದು ಹೆಸರೂ ಅದರಲ್ಲಿಲ್ಲ. ಕನ್ನಡ ಬಾರದವರೂ ಮಾಡಿ ನೋಡಬಹುದು. ಏನು ಮಾಡಿದೆವು, ಏನು ಆಗಬೇಕಿತ್ತು, ಏನಾಯಿತು ಎಲ್ಲ ಬೇರೆಬೇರೆ ಕಾಣುತ್ತವೆ. ಊಹೆ ಇಲ್ಲ. ಕೊನೆಯ ವಾಕ್ಯ ಮಾತ್ರ ಎಚ್ಚರಿಕೆ, ಅದು ಟೀಚರ್ ಬೆರಳಿಟ್ಟ ಕಾರ್ಡಿನಿಂದ ಬಂದದ್ದು.

ಪ್ರೋಗ್ರಾಮ್ ಬರೆದವರು ಮೊದಲು ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಪಠ್ಯದ ಬೇರೆಬೇರೆ ರೂಪಗಳನ್ನು ಒಂದೇ ರೂಪಕ್ಕೆ ತರುವುದು) ಸೇರಿಸಿದರೆ ಸಾಕಲ್ಲವೇ ಎಂದು ಕೇಳಿದರು. ಸಹಜವಾದ ಪ್ರಶ್ನೆ. ಆದರೆ ಅದರ ವಿಧಾನಗಳಾದ ಎನ್‌ಎಫ್‌ಸಿ ಆಗಲಿ ಎನ್‌ಎಫ್‌ಕೆಸಿ ಆಗಲಿ ಈ ಗುರುತನ್ನು ತೆಗೆಯುವುದಿಲ್ಲ. ಎರಡು ಫೈಲುಗಳ ಮೇಲೆ ಅವರೇ ಓಡಿಸಿ ನೋಡಿದರು, 17 ಬೈಟು 17 ಆಗಿಯೇ ಉಳಿಯಿತು. ಮಾದರಿ ಫೈಲ್ ಇಷ್ಟು ಚಿಕ್ಕದಾಗಿದ್ದದ್ದರಿಂದ ವಾದ ಬೆಳೆಯಲಿಲ್ಲ. ಹುಡುಕಾಟಕ್ಕೆ ಬೇರೆ ಕಾಲಂ ಎಂಬ ಸಲಹೆ ಒಪ್ಪಿಗೆಯಾಯಿತು, ಮುಂದಿನ ಬಿಡುಗಡೆಯಲ್ಲಿ ಬಂತು.

ಏನಾಯಿತು, ಏನು ಉಳಿಯಿತು

ಡೆಬಿಯನ್ನಿಗೆ ಕಳಿಸಿದ ಮೊದಲ ರಿಪೋರ್ಟನ್ನು ಹುಡುಗ ತಾನೇ ಮುಚ್ಚಿದ. ಅಲ್ಲಿ ಬಗ್ ಸಂಖ್ಯೆಗೆ ಡನ್ ಎಂದು ಸೇರಿಸಿದ ವಿಳಾಸಕ್ಕೆ ಕಾರಣ ಬರೆದು ಕಳಿಸಿದರೆ ಮುಚ್ಚಿಕೊಳ್ಳುತ್ತದೆ. ಉತ್ತರ ಕೊಡದೆ ಬಿಟ್ಟುಬಿಡುವವರೇ ಜಾಸ್ತಿ. ಅವನು ಹಾಗೆ ಮಾಡಲಿಲ್ಲ. ಫಾಂಟಿನ ಆಯ್ಕೆ ಬದಲಾದದ್ದು, ಮನೆ ಫೋಲ್ಡರಿನ ವಿನ್ಯಾಸ ಬಿಟ್ಟುಹೋದದ್ದು, ಹುಡುಕಾಟ ಕೆಟ್ಟದ್ದಕ್ಕೆ ಕಾರಣ ಬೇರೆ ಪ್ರೋಗ್ರಾಮಿನಲ್ಲಿ ಇದ್ದದ್ದು ಎಲ್ಲವನ್ನೂ ಬರೆದ. ಮೇಂಟೇನರ್ ಥ್ಯಾಂಕ್ಸ್ ಹೇಳಿದರು. ಆ ಪುಟ ಈಗಲೂ ಅಲ್ಲಿದೆ. ಇಂಥದೇ ತೊಂದರೆಯಲ್ಲಿ ಸಿಕ್ಕಿದ ಇನ್ನೊಬ್ಬರಿಗೆ ಹುಡುಕಿದಾಗ ಅದು ಸಿಗುತ್ತದೆ. ಬಗ್ ಅಲ್ಲದ ರಿಪೋರ್ಟಿನಿಂದಲೂ ಆಗುವ ಉಪಕಾರ ಇದು.

ಎರಡೆರಡು ದಾಖಲೆಗಳನ್ನು ಯಂತ್ರಕ್ಕೆ ಒಪ್ಪಿಸಲಿಲ್ಲ. ಟೀಚರ್ ಮನೆ ಹೆಸರು, ಫೋನ್ ನಂಬರ್ ತಾಳೆ ನೋಡಿ ಕೈಯಾರೆ ಸೇರಿಸಿದರು. ಒಂದೇ ಹೆಸರಿನ ತಂದೆ, ಮಗಳ ಗಂಡ ಇಬ್ಬರೂ ಸದಸ್ಯರಾಗಿರುವ ಮನೆಗಳು ಇಲ್ಲಿವೆ. ಪ್ರೋಗ್ರಾಮಿಗೆ ಅದು ತಿಳಿಯುವುದಿಲ್ಲ, ಟೀಚರಿಗೆ ತಿಳಿಯುತ್ತದೆ.

ಕೀಬೋರ್ಡಿನ ವಿಷಯದಲ್ಲಿ ಸ್ಪೇಸಿನ ಉಪಾಯವನ್ನು ಬಿಟ್ಟೆವು. ಬೇಕೆಂದಾಗ ಮಾತ್ರ ಆ ಗುರುತು ಬರುವಂತೆ ಬಳಸದೇ ಇದ್ದ ಒಂದು ಕೀಲಿಗೆ ಹೊಂದಿಸಿದೆವು. ಆ ಫೈಲಿನ ಪ್ರತಿ, ಅದು ಯಾಕೆ ಇದೆ ಎಂಬ ಎರಡು ಸಾಲಿನ ವಿವರ ಈಗ ಡೇಟಾಬೇಸಿನ ಬ್ಯಾಕಪ್ ಜೊತೆಗೇ ಇರುತ್ತದೆ. ಇಂಥ ಸ್ಥಳೀಯ ತಿದ್ದುಪಡಿ ಪ್ರತಿ ಕಂಪ್ಯೂಟರಿನಲ್ಲೂ ಒಂದಲ್ಲ ಒಂದು ಇರುತ್ತದೆ. ಮಾಡಿದವರು ಊರು ಬಿಟ್ಟ ಮೇಲೆ ಅದು ಇತ್ತೆಂಬುದೇ ಯಾರಿಗೂ ತಿಳಿಯುವುದಿಲ್ಲ. ಹೊಸ ಆವೃತ್ತಿ ಹಾಕುವ ಮೊದಲು ಅಡಗಿಸಿದ ಫೋಲ್ಡರುಗಳನ್ನೂ ಸೇರಿಸಿ ಇಡೀ ಮನೆ ಫೋಲ್ಡರಿನ ನಕಲು ತೆಗೆಯಿರಿ ಎಂದು ನಾನು ಈಗ ಎಲ್ಲರಿಗೂ ಹೇಳುವುದು ಈ ಪ್ರಕರಣದ ನಂತರವೇ.

ಒಂದು ಕೆಲಸ ಇನ್ನೂ ನಡೆಯುತ್ತಿದೆ. ರ‍್ಯಾಂಕ್ ಎಂಬ ಪದದಲ್ಲಿ ರ ಮೇಲೆ, ಯ ಒತ್ತಾಗಿ ಕೆಳಗೆ ಬರಲು ಯೂನಿಕೋಡ್ ಹೇಳುವ ಕ್ರಮ: ರ, ಜೀರೋ ವಿಡ್ತ್ ಜಾಯಿನರ್, ಹಲಂತ, ಯ. ಹಳೆ ರೂಢಿಯಲ್ಲಿ ಹಲಂತ ಮೊದಲು, ಜಾಯಿನರ್ ಆಮೇಲೆ ಬರೆದದ್ದೂ ಇದೆ. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್, ಹಳೆ ಪಠ್ಯ ಕೆಡಬಾರದೆಂದು ಎರಡನ್ನೂ ಒಂದೇ ಥರ ತೋರಿಸುತ್ತದೆ. ನೋಡಲು ಅನುಕೂಲ, ಹುಡುಕಲು ಅದೇ ಹಳೆ ತೊಂದರೆ. ಹುಡುಕಾಟದ ಕಾಲಮ್ಮಿನಲ್ಲಿ ಜಾಯಿನರನ್ನೂ ತೆಗೆದರೆ ಎರಡು ಕ್ರಮವೂ ರ, ಹಲಂತ, ಯ ಎಂದೇ ಉಳಿಯುತ್ತವೆ, ಆಗ ಎರಡೂ ಸಿಗುತ್ತವೆ. ಹುಡುಗ ಅದಕ್ಕೆ ಮಾದರಿ ಫೈಲುಗಳನ್ನು ಮಾಡಿ ಕಳಿಸಿದ್ದಾನೆ. ಮಲಯಾಳದ ಚಿಲ್ಲಿಗೆ ಬರೀ ಜಾಯಿನರ್ ತೆಗೆದರೆ ಸಾಲದು, ಹಳೆ ರೂಪವನ್ನು ಹೊಸದಕ್ಕೆ ಬದಲಿಸಬೇಕು. ಅದರ ಪಟ್ಟಿಯನ್ನು ಪಯ್ಯನ್ನೂರಿನ ಗೆಳೆಯರು ಬರೆದುಕೊಡುತ್ತಿದ್ದಾರೆ.